ಒಂದು ಬೆರಳಷ್ಟು ಜಾರಿದ ಫೋನು

ಸಿಸಿಲಿಯಾ ತಂಗಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಮನೆಗೆ ಬಂದಿದ್ದಳು. "ಹೆಚ್ಚುಕಡಿಮೆಯಾದರೆ ಫೋನ್ ಮಾಡುತ್ತೇವೆ" ಎಂದಿದ್ದರು ಡಾಕ್ಟರು. ಅವಳು ಫೋನನ್ನು ವೈರ್‌ಲೆಸ್ ಚಾರ್ಜರಿನ ಮೇಲಿಟ್ಟು ಮಲಗಿದಳು.

ನೆಂಟರ ಸಂದೇಶಗಳು ಒಂದರ ಹಿಂದೊಂದು ಬಂದವು. ಪ್ರತಿ ಸಲ ನಡುಗಿದ ಫೋನು ಕೊಂಚ ಕೊಂಚವೇ ಸರಿದು, ಕೊನೆಗೆ ಒಂದು ಬೆರಳಷ್ಟು ಜಾರಿತು.

"ನನ್ನ ಶಕ್ತಿ ಈಗ ನಿನಗೆ ತಲುಪುತ್ತಿಲ್ಲ. ಸದ್ದು ಮಾಡಿ ಅವಳನ್ನು ಎಬ್ಬಿಸು" ಎಂದಿತು ಚಾರ್ಜರು.

"ನಿನ್ನ ಮೈಮೇಲೇ ಒರಗಿದ್ದೇನಲ್ಲ, ಇನ್ನೆಷ್ಟು ಹತ್ತಿರ ಬರಬೇಕು? ದಣಿದು ಮಲಗಿದವಳನ್ನು ಇಷ್ಟಕ್ಕೆಲ್ಲ ಎಬ್ಬಿಸುವುದು ಸರಿಯಲ್ಲ" ಎಂದಿತು ಫೋನು.

"ಒರಗಿದ್ದೀಯ, ಅಷ್ಟೇ. ನಿನ್ನಲ್ಲಿ ಎಷ್ಟು ಉಳಿದಿದೆ?"

"ಬೆಳಗಿನವರೆಗೆ ಸಾಕು."

ಚಾರ್ಜರಿಗೆ ಇದ್ದದ್ದು ಒಂದು ಪುಟ್ಟ ದೀಪ. ಅದನ್ನು ಕೆಂಪಗೆ ಮಿನುಗಿಸುತ್ತಲೇ ಇತ್ತು. ಸಿಸಿಲಿಯಾ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು.

ನಾಲ್ಕು ಗಂಟೆಗೆ ಫೋನು ಆರಿಹೋಯಿತು. ನಾಲ್ಕೂಕಾಲಿಗೆ ಆಸ್ಪತ್ರೆಯ ನರ್ಸ್ ಮೂರು ಸಲ ಕರೆ ಮಾಡಿದಳು.

ಬೆಳಕು ಹರಿದಾಗ ಸಿಸಿಲಿಯಾ ಕಪ್ಪು ಪರದೆ ಕಂಡು, ಆಟೋ ಹಿಡಿದು ಆಸ್ಪತ್ರೆಗೆ ಓಡಿದಳು. ವಾರ್ಡಿನ ಬಾಗಿಲಲ್ಲಿ ನರ್ಸ್ ಅವಳ ಕೈ ಹಿಡಿದುಕೊಂಡು, "ನಿಮ್ಮ ತಂಗಿ ಕೊನೆಯವರೆಗೂ ಅಕ್ಕ ಬಂದಳಾ ಅಂತ ಕೇಳುತ್ತಿದ್ದರು" ಎಂದಳು. ತಂಗಿಯ ಖಾಲಿ ಮಂಚಕ್ಕೆ ಒಗೆದ ಬೆಡ್‌ಶೀಟ್ ಆಗಲೇ ಹಾಸಿದ್ದರು.