ತೀರ್ಪು ಹೇಳಲು ಹೋದ ಗೀಜಗ

ಒಂದು ಪೊಟರೆಗಾಗಿ ಗಿಳಿಗೂ ಗೊರವಂಕಕ್ಕೂ ವ್ಯಾಜ್ಯ ಹುಟ್ಟಿತು. ತೀರ್ಪು ಹೇಳಲು ಪಂಚರನ್ನು ಕರೆಯುತ್ತಾ ಕಾಗೆ ಗೀಜಗನ ಬಳಿ ಬಂತು.

"ಸ್ವಾಮಿ, ಗೂಡು ಇನ್ನೂ ಅರ್ಧವಷ್ಟೇ ಹೆಣೆದಿದ್ದೇನೆ. ಹೆಣ್ಣು ಗೂಡು ನೋಡಲು ಬರುವ ಹೊತ್ತು. ಈಗ ಬಿಟ್ಟುಬಿಡಿ," ಎಂದಿತು ಗೀಜಗ.

"ಎಲ್ಲರಿಗೂ ಒಂದೊಂದು ನೆಪ. ನಡಿ!"

ಗೀಜಗ ಪಂಚಾಯಿತಿ ಸೇರುವ ಆಲದ ಕೊಂಬೆಯ ಮೇಲೆ ವಾರಗಟ್ಟಲೆ ಕಾದು ಕುಳಿತಿತು. ಅದನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಕೊನೆಗೆ ಗಿಳಿ, ಗೊರವಂಕ ತಾವೇ ರಾಜಿಯಾದವು.

ಗೀಜಗ ಮರಳಿ ಬಂದಾಗ ಅಕ್ಕಪಕ್ಕದ ಗೂಡುಗಳಲ್ಲೆಲ್ಲ ಮರಿಗಳ ಚಿಲಿಪಿಲಿ. ನೋಡಲು ಬಂದಿದ್ದ ಹೆಣ್ಣು ಬೇರೆ ಗೂಡು ಸೇರಿತ್ತು. ಗೀಜಗನ ಅರ್ಧ ಗೂಡು ಒಣಗಿ ಗಾಳಿಗೆ ತೂಗುತ್ತಿತ್ತು.

ಅಷ್ಟರಲ್ಲಿ ಕಾಗೆ ಮತ್ತೆ ಬಂತು. "ಇನ್ನೊಂದು ವ್ಯಾಜ್ಯವಿದೆ, ಹೊರಡು."

"ಮತ್ತೆ ನಾನೇ ಯಾಕೆ ಸ್ವಾಮಿ?"

"ಮಕ್ಕಳೊಂದಿಗರಿಗೆ ತೊಂದರೆ ಕೊಡಬಾರದೆಂದು ಅಪ್ಪಣೆಯಾಗಿದೆ. ನಿನಗೇನು, ಹೆಂಡತಿಯೇ, ಮಕ್ಕಳೇ?"