ಮೂಗಿನ ಸವಾರ

ಕಡಲಾಚೆಯ ಒಂದು ಕಾಡಿನಲ್ಲಿ ಹೆಬ್ಬೆರಳಿನಷ್ಟೇ ಗಾತ್ರದ ಝೇಂಕಾರದ ಹಕ್ಕಿಯಿತ್ತು. ಅದರ ಮೂಗಿನ ಹೊಳ್ಳೆಯಲ್ಲಿ ಪಿಟ್ಟಣ್ಣನೆಂಬ ನುಸಿ ವಾಸವಾಗಿದ್ದ. ಮೂಗಿನಲ್ಲಾ ಎಂದು ನಗಬೇಡಿ, ಹೌದು, ಮೂಗಿನಲ್ಲೇ. ಇವನು ಹಾರುವ ಜಾತಿಯ ನುಸಿಯಲ್ಲ, ಹೂವಿನೊಳಗೆ ಹರಿದಾಡುವ ಸಣ್ಣ ಹುಳು, ರೆಕ್ಕೆಯಿಲ್ಲ ನೋಡಿ. ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಹಕ್ಕಿಯ ಮೂಗೇ ಅವನಿಗೆ ಬಂಡಿ. ಹಕ್ಕಿ ಕೊಕ್ಕಿಟ್ಟಲ್ಲಿ ಇಳಿಯುತ್ತಿದ್ದ, ಚೂರು ಮಕರಂದ ಹೀರುತ್ತಿದ್ದ, ಅದು ಮತ್ತೆ ಬಂದಾಗ ಹತ್ತಿ ಕೂರುತ್ತಿದ್ದ. ಹಕ್ಕಿ ಪಾಪ, ಒಂದು ದಿನವೂ ಬೇಡ ಅಂದದ್ದಿಲ್ಲ.

ಒಂದು ಬೆಳಗ್ಗೆ ಹೊಳೆಯ ದಡದಲ್ಲಿ ಕೆಂಪು ಹೂವೊಂದು ಅರಳಿತು. ಅದರ ಬಾಳು ಒಂದೇ ಹಗಲು. ಸಂಜೆಯೊಳಗೆ ಹಕ್ಕಿ ಬೇರೆ ಹೂವಿನ ಪರಾಗ ತಂದು ಸವರಿದರೆ ಕಾಯಿ ಕಟ್ಟುತ್ತದೆ, ಇಲ್ಲದಿದ್ದರೆ ಬರಿದೇ ಉದುರುತ್ತದೆ. ಅದಕ್ಕೇ ಹೂವು ತುಟಿಯವರೆಗೂ ಮಕರಂದ ತುಂಬಿಕೊಂಡು ಕಾಯುತ್ತಿತ್ತು.

ಹಕ್ಕಿ ಬಂದು ಕೊಕ್ಕಿನ ತುದಿಯಿಟ್ಟಿತು. ಪಿಟ್ಟಣ್ಣ ಸರಸರನೆ ಇಳಿದು ನೋಡಿದ. ಅಬ್ಬಬ್ಬಾ, ಎಷ್ಟೊಂದು ಮಕರಂದ! ಇದನ್ನು ಹಂಚಿಕೊಳ್ಳುವುದೇ? ಅವನ ಹೊಟ್ಟೆ ಎಳ್ಳುಕಾಳಿಗಿಂತ ಚಿಕ್ಕದು, ಆಸೆಗೆ ಮಾತ್ರ ಅಳತೆಯಿರಲಿಲ್ಲ.

"ಕೊಕ್ಕು ಹಿಂದೆ ತಗೋ. ಒಳಗೆ ಕೆಂಪಿರುವೆ ಕೂತಿದೆ, ಕಚ್ಚುತ್ತೆ," ಅಂದ.

ಹಕ್ಕಿ ಬೆಚ್ಚಿ ಸರಿಯಿತು. ಹಾಗಾದರೆ ನೀನೂ ಬೇಗ ಹತ್ತಿಕೋ ಎಂದು ಕರೆಯಿತು.

"ನನ್ನ ಚಿಂತೆ ನಿನಗೆ ಬೇಡ. ನೀನು ಈ ಕಡೆ ತಲೆ ಹಾಕಬೇಡ, ಅಷ್ಟೇ," ಅಂದ ಪಿಟ್ಟಣ್ಣ.

ಹಕ್ಕಿ ನಂಬಿತು. ನಂಬಿದ್ದಷ್ಟೇ ಅಲ್ಲ, ತನ್ನ ಬಳಗಕ್ಕೆಲ್ಲ ಎಚ್ಚರಿಕೆ ಹೇಳಿತು. ದಿನಾ ಸುತ್ತುವ ತನ್ನ ದಾರಿಯನ್ನೇ ಹೊಳೆಯ ಆಚೆಗೆ ಬದಲಿಸಿಕೊಂಡಿತು. ಇತ್ತ ಹೂವು, ಹಕ್ಕಿಯನ್ನು ವಾಪಸ್ ಕರೆಯಪ್ಪಾ ಎಂದು ಗೋಗರೆಯಿತು. ಪಿಟ್ಟಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಹೊಟ್ಟೆ ಬಿರಿಯುವಷ್ಟು ಕುಡಿದ, ಅಲ್ಲೇ ಕಾಲು ಚಾಚಿ ನಿದ್ದೆ ಹೊಡೆದ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಹೂವು ಬಾಡಿ ಜೋಲುತ್ತಿತ್ತು, ತೊಟ್ಟು ಸಡಿಲವಾಗಿತ್ತು. ಕೆಳಗೆ ಹೊಳೆಯ ನೀರು. ಪಿಟ್ಟಣ್ಣ ದಡಬಡಿಸಿ ಎಸಳಿನ ಅಂಚಿಗೆ ಓಡಿದ. ಹೊಳೆಯಾಚೆ ಹಕ್ಕಿಯ ರೆಕ್ಕೆಯ ಝೇಂಕಾರ ಕೇಳುತ್ತಿತ್ತು. ಇರುವೆ ಇಲ್ಲ, ನಾನು ಹೇಳಿದ್ದು ಸುಳ್ಳು, ಬಂದು ಕರಕೊಂಡು ಹೋಗು ಎಂದು ಕೂಗಿದ. ನುಸಿಯ ಕೂಗು ಎಷ್ಟು ದೂರ ಹೋದೀತು? ಝೇಂಕಾರ ಮೆಲ್ಲಗೆ ದೂರವಾಯಿತು.

ಹೂವಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. "ನನಗೆ ದಿಕ್ಕಾಗಿದ್ದದ್ದೂ ಆ ರೆಕ್ಕೆ, ನಿನಗೆ ದಿಕ್ಕಾಗಿದ್ದದ್ದೂ ಅದೇ ರೆಕ್ಕೆ," ಅಂದಿತು. "ಅದನ್ನೇ ಅಟ್ಟಿಬಿಟ್ಟೆಯಲ್ಲೋ."

ತೊಟ್ಟು ಕಳಚಿತು. ಹೂವು ಹೊಳೆಗೆ ಬಿತ್ತು. ಒಳಗಿದ್ದ ಪಿಟ್ಟಣ್ಣನೂ ಅದರ ಜೊತೆಗೇ ತೇಲಿಹೋದ.

ನೀತಿ: ನಮ್ಮನ್ನು ಹೊತ್ತು ನಡೆಸುವವರನ್ನು ಸುಳ್ಳು ಹೇಳಿ ದೂರ ಮಾಡಿದರೆ, ನಾವೂ ಕೆಡುತ್ತೇವೆ, ಅವರನ್ನೇ ನಂಬಿದ ಇತರರನ್ನೂ ಕೆಡಿಸುತ್ತೇವೆ.