ಕಡುಗಪ್ಪು ಕರಪತ್ರ

ನದಿಯ ದಡದಲ್ಲಿ ಮುಪ್ಪಯ್ಯನವರ ಆಶ್ರಮ. ಅದರ ಹಿತ್ತಲಲ್ಲಿ ಒಂದು ಸಣ್ಣ ಅಚ್ಚುಕೂಟ. ಪುಸ್ತಕ, ಕರಪತ್ರಗಳ ವಿನ್ಯಾಸ, ಮುದ್ರಣ ಎರಡೂ ಶಿಷ್ಯ ಕಲ್ಲಿನಾಥನ ಕೆಲಸ.

ಆ ವರ್ಷ ನದಿಯ ಮೇಲ್ಭಾಗದ ಕಾರ್ಖಾನೆಯೊಂದು ತನ್ನ ಕೊಳಕನ್ನು ನದಿಗೆ ಬಿಟ್ಟಿತು. ಮೀನುಗಳು ಸತ್ತು ತೇಲಿದವು. ಕಲ್ಲಿನಾಥನಿಗೆ ಮೈ ಉರಿದುಹೋಯಿತು. ಸುತ್ತಲಿನ ಊರವರನ್ನೆಲ್ಲ ಸಭೆಗೆ ಕರೆಯೋಣ, ಕರಪತ್ರ ನಾನು ಮಾಡುತ್ತೇನೆ ಎಂದ. ಗುರುಗಳು ಒಪ್ಪಿದರು.

ಕೆಲವು ದಿನಗಳಲ್ಲಿ ಕಟ್ಟು ಕಟ್ಟಾಗಿ ಕರಪತ್ರ ತಂದಿಟ್ಟ. ಇಡೀ ಹಾಳೆ ಕಡುಗಪ್ಪು. ನಡುವೆ ಬಿಳಿ ಅಕ್ಷರ. ಮೇಲೆ ಮಿರಮಿರ ಮಿಂಚುವ ಲ್ಯಾಮಿನೇಷನ್.

"ಇಷ್ಟೊಂದು ಕಪ್ಪು ಯಾಕಪ್ಪ?"

"ನದಿಯ ಸಂಕಟ ಜನರ ಕಣ್ಣಿಗೆ ರಾಚಬೇಕು, ಗುರುಗಳೇ."

"ಮೇಲೆ ಈ ಪ್ಲಾಸ್ಟಿಕ್ಕು?"

"ಮಳೆ ಬಂದರೂ ಹಾಳಾಗುವುದಿಲ್ಲ."

"ಸಭೆ ಯಾವತ್ತು?"

"ಬರುವ ಹುಣ್ಣಿಮೆಗೆ."

"ಹುಣ್ಣಿಮೆ ಕಳೆದ ಮೇಲೆ ಇದು ಯಾರನ್ನು ಕರೆಯುತ್ತಾ ಕೂತಿರುತ್ತದೆ?"

ಕಲ್ಲಿನಾಥನ ಮುಖ ಕೆಂಪೇರಿತು. ನದಿಗಾಗಿ ಊಟ ಬಿಟ್ಟು ದುಡಿದವನನ್ನೇ ಗುರುಗಳು ತಪ್ಪಿತಸ್ಥನ ಹಾಗೆ ನಿಲ್ಲಿಸಿದ್ದಾರೆ ಅನ್ನಿಸಿತು.

"ಆ ಕಾರ್ಖಾನೆಯ ಮುಂದೆ ನಮ್ಮದು ಒಂದು ಚಮಚ ಮಸಿ, ಗುರುಗಳೇ" ಎಂದ.

ಮುಪ್ಪಯ್ಯನವರು ಎದ್ದು ಅಚ್ಚುಕೂಟಕ್ಕೆ ನಡೆದರು. ಯಂತ್ರದ ಉರುಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದ ಮಸಿ ಬಕೆಟ್ಟಿನಲ್ಲಿತ್ತು. ಕಲ್ಲಿನಾಥ ಅದನ್ನು ದಿನವೂ ಹಿಂದಿನ ಚರಂಡಿಗೆ ಚೆಲ್ಲುತ್ತಿದ್ದ. ಚರಂಡಿ ನದಿಗೆ ಸೇರುತ್ತಿತ್ತು.

ಗುರುಗಳು ಅದರಿಂದ ಒಂದು ಚಮಚ ತೆಗೆದು ಅವನು ಕುಡಿಯುವ ನೀರಿನ ಚೊಂಬಿಗೆ ಹಾಕಿದರು. ಚೊಂಬನ್ನು ಅವನ ಮುಂದೆ ಹಿಡಿದರು.

"ಕುಡಿ."

ಅವನು ಕೈ ಚಾಚಲಿಲ್ಲ. ಗುರುಗಳೂ ಕೈ ಇಳಿಸಲಿಲ್ಲ. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಕಲ್ಲಿನಾಥ ಎಂದೂ ಕಂಡಿರಲಿಲ್ಲ. ಕೊನೆಗೆ ಅವನೇ ತಲೆ ತಗ್ಗಿಸಿದ.

ಮತ್ತೆ ಕೆಲಸಕ್ಕೆ ಕೂತ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಾಳೆಗಳ ಖಾಲಿ ಬೆನ್ನು ಸಾಕು ಅನ್ನಿಸಿತು. ಅಕ್ಷರಗಳನ್ನು ತೆಳು ಗೆರೆಯಲ್ಲಿ ದೊಡ್ಡದಾಗಿ, ದೂರಕ್ಕೂ ಕಾಣುವಂತೆ ಬರೆದ. ಸುತ್ತ ಬಿಳಿ ಜಾಗ ಬಿಟ್ಟ. ಮಸಿ ತೀರ ಕಡಿಮೆ ಹಿಡಿಯಿತು. ಉರುಳೆಗಳನ್ನು ಈ ಸಲ ಬಟ್ಟೆಯಿಂದಲೇ ಒರೆಸಿದ.

ಹುಣ್ಣಿಮೆಗೆ ಜನ ಸೇರಿದರು. ಮೀನು ಹಿಡಿಯುವ ದುರಗವ್ವ ಆ ಹಾಳೆ ಹಿಡಿದುಕೊಂಡೇ ಕಾರ್ಖಾನೆಯ ಬಾಗಿಲಿಗೆ ಎಲ್ಲರಿಗಿಂತ ಮುಂದೆ ನಡೆದಳು. ಅಧಿಕಾರಿಗಳು ಬಂದು ಕೊಳಕು ಬಿಡುವ ಕೊಳವೆಗೆ ಬೀಗಮುದ್ರೆ ಹಾಕುವವರೆಗೆ ಯಾರೂ ಅಲ್ಲಿಂದ ಕದಲಲಿಲ್ಲ.

ಮರಳಿ ಬಂದ ಕಲ್ಲಿನಾಥ ಗೆದ್ದ ಖುಷಿಯಲ್ಲಿದ್ದ. ಕೋಣೆಯ ತುಂಬ ಆ ಕಪ್ಪು ಕರಪತ್ರದ ಕಟ್ಟುಗಳು. ಒಲೆಗೆ ಹಾಕಿದರೆ ಕೆಟ್ಟ ಹೊಗೆ. ಗೊಬ್ಬರದ ಗುಂಡಿಗೆ ಹಾಕಿದರೆ ಕೊಳೆಯುವುದಿಲ್ಲ.

"ಗುರುಗಳೇ, ಇವನ್ನೆಲ್ಲ ಎಲ್ಲಿ ಎಸೆಯಲಿ?"

ಮುಪ್ಪಯ್ಯನವರು ಅವನತ್ತ ತಿರುಗಿದರು.

"ಆ ಕಾರ್ಖಾನೆಯವನೂ ಮೊದಲ ದಿನ ಇದನ್ನೇ ಕೇಳಿರಬೇಕು."